ತಗ್ಗಿನ ಸ್ವರ, ಎತ್ತುವ ಕೆಲಸ

ಮುಂಡಗೋಡದವರಿಗೆ ತಗ್ಗಿನ ಸ್ವರದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. 1966ರಲ್ಲಿ ಟಿಬೇಟಿನ ಜನ ಬಂದು ಇಲ್ಲಿ ನೆಲೆಯಾದರು. ಲಾಮಾ ಕ್ಯಾಂಪಿನ ಕಡೆಯಿಂದ ಬರುವ ದುಂಗ್‌ಚೆನ್ ಕಹಳೆಯ ಸದ್ದು ಕೇಳುತ್ತಲೇ ಬೆಳೆದವರು ಈಗ ಇಲ್ಲಿ ಅಜ್ಜಂದಿರಾಗಿದ್ದಾರೆ. ಆ ಕಹಳೆ ಊದುವ ಭಿಕ್ಷುವಿಗಿಂತ ಎಷ್ಟೋ ಉದ್ದ. ಅದರ ಸ್ವರ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಡ್ರೆಪುಂಗ್ ಲೋಸೆಲಿಂಗ್ ಮಠದವರಂತೂ ಕಹಳೆಯನ್ನೂ ಬದಿಗಿಟ್ಟು ಒಂದೇ ಗಂಟಲಿನಿಂದ ಎರಡು ಮೂರು ಸ್ವರ ಒಟ್ಟಿಗೆ ಹೊರಡಿಸುವ ಮಂತ್ರಪಠಣವನ್ನು ಅಮೆರಿಕದ ಸಭಾಂಗಣಗಳ ತನಕ ಒಯ್ದು ಬಂದಿದ್ದಾರೆ. ಕಾಡಿನ ಕಡೆಯ ಹಳ್ಳಿಗಳಲ್ಲಿ ಸಿದ್ದಿಗಳ ಡಮಾಮಿ ಎಂಬ ಚರ್ಮವಾದ್ಯ ಇದೆ. ಬಯಲಿನ ಕಡೆ ಡೊಳ್ಳು. ತಡಸ ದಾಟಿ ಹುಬ್ಬಳ್ಳಿ ಮುಟ್ಟಿದರೆ ಅದು ಗಂಗೂಬಾಯಿ ಹಾನಗಲ್ಲರ ಊರು. ಹೆಣ್ಣುದನಿ ಎಂದರೆ ತೆಳ್ಳಗೇ ಇರಬೇಕೆಂಬ ನಂಬಿಕೆಯನ್ನು ಆಯುಷ್ಯವಿಡೀ ಹಾಡಿ ಒಡೆದುಹಾಕಿದವರು ಅವರು.

ಇವರಲ್ಲಿ ಯಾರಿಗೂ ಕರೆಂಟು ಬೇಡ. ಈ ತಾಲೂಕಿನಲ್ಲಿ ತಗ್ಗಿನ ಸ್ವರಕ್ಕಾಗಿ ಪ್ಲಗ್ ಹುಡುಕಿಕೊಂಡು ಅಲೆಯುವ ದುರದೃಷ್ಟವಂತ ನಾನು. ಹಗಲು ಲೆಕ್ಕ ಬರೆಯುವ ನೌಕರಿ, ಸಂಜೆ ಬೇಸ್ ಗಿಟಾರು. ನಮ್ಮದೊಂದು ಸಣ್ಣ ಆರ್ಕೆಸ್ಟ್ರಾ. ಗಣಪತಿ ಪೆಂಡಾಲು, ಮದುವೆಯ ಆರತಕ್ಷತೆ, ಚರ್ಚಿನ ಹಬ್ಬ, ಕ್ಯಾಂಪಿನಲ್ಲಿ ಲೋಸಾರ್ ಎಂಬ ಟಿಬೇಟಿ ಹೊಸವರ್ಷ, ಯಾರು ಕರೆದರೂ ಹೋಗುತ್ತೇವೆ. ಗಿಟಾರು ನುಡಿಸುವವನು ಕ್ಯಾಂಪಿನ ಟಿಬೇಟಿ ಹುಡುಗ, ಡ್ರಮ್ಸ್ ಒಬ್ಬ ಸಿದ್ದಿ ಹುಡುಗನದು, ಕೀಬೋರ್ಡಿನವರು ನನ್ನಷ್ಟೇ ವಯಸ್ಸಾದ ಮಾಸ್ತರರು. ಹಾಡುವವರು ಬದಲಾಗುತ್ತಿರುತ್ತಾರೆ, ಹಾಡುವವರ ಸ್ವಭಾವವೇ ಅದು.

ಬೇಸ್ ಗಿಟಾರ್ ಹುಟ್ಟಿದ್ದೇ ಹೊರಲಾರದ ಸಂಕಟದಿಂದ. ಹಿಂದೆ ಬ್ಯಾಂಡುಗಳಲ್ಲಿ ತಗ್ಗಿನ ಸ್ವರ ಹಿಡಿಯುತ್ತಿದ್ದದ್ದು ಡಬಲ್ ಬೇಸ್, ಆಳಿಗಿಂತ ಎತ್ತರದ ಪಿಟೀಲು. ಕಾರಿನಲ್ಲಿ ಕೂಡದು, ಡ್ರಮ್ಸಿನ ಪಕ್ಕ ನಿಂತರೆ ಕೇಳದು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವನು ಅದನ್ನು ಮೊಟಕುಗೊಳಿಸಿ, ಅಡ್ಡ ಮಲಗಿಸಿ, ಬೆಲ್ಟು ಕಟ್ಟಿ ಹೆಗಲಿಗೆ ಹಾಕಿಕೊಳ್ಳುವಂತೆ ಮಾಡಿ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟ. ಬೇಸಿನವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಟೊಳ್ಳು ಹೊಟ್ಟೆ ಇಲ್ಲದ ಆ ಹಲಗೆಗೆ ಸ್ವಂತ ದನಿ ಇರಲಿಲ್ಲ. ಅದಕ್ಕೊಂದು ಆಂಪ್ಲಿಫಯರು ಬೇಕಾಯಿತು. ಹೆಗಲಿಂದ ಇಳಿಸಿದ ಭಾರವನ್ನು ಆ ಮಹಾರಾಯ ಮರುವರ್ಷವೇ, 1952ರಲ್ಲಿ, ಬೇಸ್‌ಮನ್ ಎಂಬ ಪೆಟ್ಟಿಗೆ ಮಾಡಿ ತಲೆ ಮೇಲೆ ಹೊರಿಸಿದ. ಆ ಪೆಟ್ಟಿಗೆಯಾದರೂ ನಮ್ಮ ಪಾಲಿಗೆ ಉಳಿಯಿತೇ? ಗಿಟಾರಿನವರು ಅದಕ್ಕೆ ತಮ್ಮ ತಂತಿ ಚುಚ್ಚಿ ನೋಡಿದರು, ಸೊಗಸಾಗಿ ಕೇಳಿತು, ಎತ್ತಿಕೊಂಡು ಹೋದರು. ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ ಕಟ್ಟಿದ್ದು ಅದೇ ಬೇಸ್‌ಮನ್ನಿನ ಸರ್ಕ್ಯೂಟು ನೋಡಿಕೊಂಡು. ರಾಕ್ ಸಂಗೀತದ ಅರ್ಧ ಗದ್ದಲಕ್ಕೆ ನಾವು ಬೇಸಿನವರು ಹೆಣ್ಣು ಕೊಟ್ಟ ಬೀಗರು. ಊಟಕ್ಕೆ ಕರೆದವರು ಮಾತ್ರ ಯಾರೂ ಇಲ್ಲ.

ಬೇಸಿಗೆ ಅಷ್ಟು ದೊಡ್ಡ ಪೆಟ್ಟಿಗೆಯೇ ಏಕೆ ಬೇಕು? ಮನೆಯವಳು ಕೇಳಿದ್ದಾಳೆ, ಸಾಮಾನು ಹೇರುವ ಟೆಂಪೋದವನು ಕೇಳಿದ್ದಾನೆ. ಉತ್ತರ ಇರುವುದು ಕಿವಿಯಲ್ಲಿ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರದ ಮಟ್ಟಿಗೆ ಮನುಷ್ಯನ ಕಿವಿ ಅರೆ ಕಿವುಡು. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಅಳುವ ಕೂಸಿನ ದನಿಗೆ ಮೂರನೇ ಮನೆಯವರೂ ಏಳುತ್ತಾರೆ. ಅದೇ ಶಕ್ತಿಯನ್ನು ನನ್ನ ದಪ್ಪ ತಂತಿಗೆ ಕೊಟ್ಟರೆ ಪಕ್ಕದಲ್ಲಿ ನಿಂತವನೂ ‘ಶುರು ಮಾಡ್ರಿ’ ಎನ್ನುತ್ತಾನೆ. ಇನ್ನೊಂದು ತೊಡಕೂ ಇದೆ. ಆ ಸ್ವರದ ಒಂದು ಅಲೆ ಎಂಟು ಮೀಟರಿಗಿಂತ ಉದ್ದ, ಹತ್ತಿರ ಹತ್ತಿರ 27 ಅಡಿ. ನಾವು ತಾಲೀಮು ಮಾಡುವ ಕೋಣೆಯೇ ಅಷ್ಟುದ್ದ ಇಲ್ಲ. ಹೀಗಾಗಿ ಸ್ವರ ಗೋಡೆಗೆ ಬಡಿದು ವಾಪಸು ಬಂದು ಮೂಲೆಯಲ್ಲಿ ಗುಡುಗುತ್ತದೆ, ನಡುಮನೆಯಲ್ಲಿ ಮಾಯವಾಗುತ್ತದೆ. ಬಾರಿಸುವ ನನಗೆ ಕೇಳದ್ದು ಮೂಲೆಯ ಕಪಾಟಿನೊಳಗಿನ ಸ್ಟೀಲಿನ ಡಬ್ಬಿಗಳಿಗೆ ಕೇಳಿಸಿ ಅವು ತಾಳ ಹಾಕುತ್ತವೆ.

ಇಷ್ಟು ಗಾಳಿ ಅಲುಗಾಡಿಸಬೇಕೆಂದರೆ ದೊಡ್ಡ ಸ್ಪೀಕರು ಬೇಕು, ಅದಕ್ಕೆ ತಕ್ಕ ಪೆಟ್ಟಿಗೆ ಬೇಕು, ಅದನ್ನು ಕುಣಿಸಲು ಪವರು ಬೇಕು. 1957ರಲ್ಲಿ ಅಮೆರಿಕದಲ್ಲಿ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿ ಶುರುವಾಯಿತು. ಆ ಹೆಸರಿನ ಎಚ್ ಎಂದರೆ ಆಂಟನ್ ಹಾಫ್‌ಮನ್, ಹೆಸರಾಂತ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ನರ ಮಗ. ಅವರ ಹೆಸರಿನಲ್ಲೊಂದು ಉಕ್ಕಿನ ನಿಯಮವಿದೆ. ಆಳದ ಸ್ವರ, ಚಿಕ್ಕ ಪೆಟ್ಟಿಗೆ, ಕಡಿಮೆ ಪವರಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಕೇಳು, ಮೂರನೆಯದರ ಆಸೆ ಬಿಡು ಎನ್ನುತ್ತದೆ ಆ ನಿಯಮ. ನಮ್ಮ ಕಡೆ ಇದನ್ನೇ ರೊಕ್ಕದ ಭಾಷೆಯಲ್ಲಿ ಹೇಳುತ್ತೇವೆ: ನಾದ ಛಲೋ ಇದ್ದು ಹಗುರಾಗಿದ್ದರೆ ತುಟ್ಟಿ, ಹಗುರಾಗಿದ್ದು ಸೋವಿಯಾಗಿದ್ದರೆ ನಾದವಿಲ್ಲ, ನಾದವೂ ಇದ್ದು ಸೋವಿಯೂ ಆಗಿದ್ದರೆ ಅದನ್ನು ಎತ್ತಲು ಹೋದವನು ಎಲುಬಿನ ಡಾಕ್ಟರ ಮನೆಯಲ್ಲಿರುತ್ತಾನೆ.

ಮೂರನೆಯ ಜಾತಿಯ ಒಂದು ಪೆಟ್ಟಿಗೆ ನಮ್ಮ ತಂಡಕ್ಕೆ ಪರಂಪರೆಯಾಗಿ ಬಂದಿತ್ತು. ನನಗಿಂತ ಮುಂಚೆ ಬೇಸ್ ಬಾರಿಸುತ್ತಿದ್ದ ಹಿರಿಯರು ಊರಿನ ಬಡಿಗನಿಂದ ಮಾಡಿಸಿದ್ದು. ಪ್ಲೈವುಡ್ಡು ಸಾಕು ಎಂದು ಜಗತ್ತೆಲ್ಲ ಒಪ್ಪಿಕೊಂಡ ಮೇಲೂ, ಸುತ್ತ ಸಾಗವಾನಿ ಕಾಡು ಇಟ್ಟುಕೊಂಡು ಪ್ಲೈವುಡ್ಡಿಗೆ ಕೈ ಹಾಕುವುದು ಮರ್ಯಾದೆಯಲ್ಲ ಎಂದು ಆ ಬಡಿಗನಿಗೆ ಅನಿಸಿರಬೇಕು. ಯಾರದೋ ಮನೆಯ ಬಾಗಿಲಿಗೆಂದು ತಂದು ಉಳಿದ ಸಾಗವಾನಿ ಹಲಗೆ, ಅದರೊಳಗೆ ಹದಿನೈದು ಇಂಚಿನ ಸ್ಪೀಕರು, ನಾಲ್ಕು ಮೂಲೆಗೆ ಹಿತ್ತಾಳೆಯ ಪಟ್ಟಿ. ನಾದ ಕೇಳಿದರೆ ಕೈ ಮುಗಿಯಬೇಕು, ಎತ್ತಲು ಹೋದರೆ ಕಾಲಿಗೆ ಬೀಳಬೇಕು. ಮಳಗಿಯ ಕಡೆ ಒಂದು ಮದುವೆಯಲ್ಲಿ ಒಬ್ಬ ಅಜ್ಜಿ ಅದನ್ನು ಕಟ್ಟೆ ಎಂದು ತಿಳಿದು ಮೇಲೆ ಕೂತಳು. ಕಾರ್ಯಕ್ರಮ ಮುಗಿಯುವ ತನಕ ಏಳಲಿಲ್ಲ. ಎದ್ದಾಗ ನನ್ನ ಕೈ ಹಿಡಿದು, ‘ತಮ್ಮಾ, ಮೊಣಕಾಲ ನೋವಿಗೆ ಬಾಳ ಛಲೋ ಐತಿ, ಎಲ್ಲಿ ಸಿಗತೈತಿ ಇದು?’ ಎಂದಳು. ಬೇಸ್ ನುಡಿಸಲು ಹಿಡಿದ ಮೇಲೆ ನನಗೆ ಸಿಕ್ಕ ಮುಕ್ತವಾದ ಮೆಚ್ಚುಗೆ ಅದೊಂದೇ.

ಭಾರದ ಲೆಕ್ಕದಲ್ಲಿ ಅಮೆರಿಕದವರೇನೂ ನಮಗಿಂತ ಜಾಣರಲ್ಲ ಎಂಬುದು ಸಮಾಧಾನದ ಸಂಗತಿ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಎಂಬ 300 ವಾಟಿನ ವಾಲ್ವ್ ಆಂಪ್ ತಂದಿತು. ಆ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಿಂದೆ ನಿಂತದ್ದು ಅದೇ. ಹತ್ತಿಂಚಿನ ಎಂಟು ಸ್ಪೀಕರುಗಳ ಅದರ ಕ್ಯಾಬಿನೆಟ್ಟು ಅರವತ್ತು ಕಿಲೋ ದಾಟುತ್ತದೆ. ಯೂರಿಯಾ ಚೀಲ 45 ಕಿಲೋ, ಅದನ್ನೇ ಸೊಸೈಟಿಯಿಂದ ಹೊಲಕ್ಕೆ ಒಯ್ಯುವಾಗ ನಾವು ದೇವರನ್ನು ನೆನೆಯುತ್ತೇವೆ. ಇಲ್ಲಿ ಚೀಲದ ಮೇಲೆ ಒಂದು ವಾಲ್ವಿನ ತಲೆ ಬೇರೆ, ಅದರದೂ ಮೂವತ್ತೈದು ಕಿಲೋದ ಆಚೀಚೆ ತೂಕ. ರೋಲಿಂಗ್ ಸ್ಟೋನ್ಸಿನವರಿಗೆ ಎತ್ತಲು ಆಳುಗಳಿದ್ದರು. ನಮ್ಮ ತಂಡದಲ್ಲಿ ಆಳೂ ನಾನೇ, ಕಲಾವಿದನೂ ನಾನೇ. ಎತ್ತುವ ಹೊತ್ತಿಗೆ ಹಾಡುವವರಿಗೆ ಗಂಟಲು ಕೆಟ್ಟಿರುತ್ತದೆ.

ಆದರೆ ಅದೇ ಕಂಪನಿ 1960ರಲ್ಲಿ ಮಾಡಿದ್ದ ಪೋರ್ಟಾಫ್ಲೆಕ್ಸ್ ಬಗ್ಗೆ ನನಗೆ ಗೌರವವಿದೆ. ಬಾರಿಸುವಾಗ ಆಂಪು ಪೆಟ್ಟಿಗೆಯ ಮೇಲೆ ಕೂತಿರುತ್ತದೆ, ಮುಗಿದ ಮೇಲೆ ತಿರುವಿ ಹಾಕಿದರೆ ತಲೆಕೆಳಗಾಗಿ ಅದರೊಳಗೇ ಇಳಿದು ಮುಚ್ಚಿಕೊಳ್ಳುತ್ತದೆ. ಮೋಟೌನ್ ಹಾಡುಗಳ ಬೆನ್ನೆಲುಬಾಗಿದ್ದ ಜೇಮ್ಸ್ ಜೇಮರ್ಸನ್ ಬಳಸಿದ್ದು ಅದನ್ನೇ. ಈ ಯುಕ್ತಿಯನ್ನು ನಾನು ಬಲು ಉತ್ಸಾಹದಿಂದ ನಮ್ಮ ಗಿಟಾರಿನ ಹುಡುಗನಿಗೆ ಹೇಳಿದೆ. ಅವನು ಕೇಳಿ, ‘ಸರ್, ನಮ್ಮ ದುಂಗ್‌ಚೆನ್ನೂ ಹಂಗs ರೀ. ಒಂದರಾಗ ಒಂದು ಸರಿದು ಸಣ್ಣದು ಆಗ್ತೈತಿ. ಬಗಲಾಗ ಹಿಡ್ಕೊಂಡು ಹೋಗಬಹುದು’ ಎಂದ. ನೋಡಿದರೆ ನಿಜ. ಅಷ್ಟುದ್ದದ ಕಹಳೆಯ ಕೊಳವೆಗಳು ಒಂದರೊಳಗೊಂದು ಸೇರಿ ಮಡಚಿಕೊಳ್ಳುತ್ತವೆ. ಹಿಮಾಲಯ ಹತ್ತಿ ಇಳಿಯುವವರು ಹೊರುವ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡು ಕೂತಿದ್ದಾರೆ. ಡ್ರಮ್ಮಿನ ಹುಡುಗನೂ ಸುಮ್ಮನಿರಲಿಲ್ಲ. ‘ಸರ, ಡಮಾಮಿಗೆ ಒಂಚೂರು ಬೆಂಕಿ ಕಾಸಿದ್ರ ಸಾಕು. ನಿಮ್ದಕ್ಕ ಜನರೇಟರ್ ಬೇಕು’ ಎಂದ.

ಈ ಹುಡುಗರ ನಡುವೆ ಮಾನ ಉಳಿಸಿಕೊಳ್ಳಬೇಕಾದರೆ ಹೊಸ ಆಂಪು ಕೊಳ್ಳುವುದೇ ಸೈ ಎಂದು ನಿಶ್ಚಯಿಸಿದೆ. ಕೊಳ್ಳುವ ಮಾತು ಬಾಯಿಂದ ಬಿದ್ದದ್ದೇ ಸಲಹೆಗಳು ಸುರಿದವು. ಕೀಬೋರ್ಡ್ ಮಾಸ್ತರರದು ಮೊದಲಿನಿಂದಲೂ ಒಂದೇ ಹಟ, ಬೇಸ್ ಕೆಲಸವನ್ನು ತಮ್ಮ ಎಡಗೈ ಮಾಡುತ್ತದೆ ಎಂದು. ಇದು ಹುಡುಗಾಟದ ಮಾತಲ್ಲ. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಬೇಸಿನವನ ಕೂಳು ಕಸಿದದ್ದು ಕೀಬೋರ್ಡಿನ ಎಡಗೈ, ಈಗ ಕೀಬೋರ್ಡಿನವರ ಎರಡೂ ಕೈಗಳ ಕೂಳನ್ನು ಮೊಬೈಲಿನ ಕರಾವೋಕೆ ಕಸಿಯುತ್ತಿದೆ. ಇಷ್ಟರ ಮೇಲೂ ಮನುಷ್ಯರೇ ಬೇಸ್ ಬಾರಿಸಬೇಕು ಎಂಬ ನನ್ನ ವಾದಕ್ಕೆ ನಾನು ಕೊಡುವ ಸಾಕ್ಷಿ ‘ಪಲ್ಲವಿ ಅನುಪಲ್ಲವಿ’. 1983ರ ಆ ಸಿನಿಮಾದ ಹಾಡುಗಳಲ್ಲಿ ಇಳಯರಾಜ ಬೇಸನ್ನು ಹಾಡಿನ ಕೆಳಗೆ ಮಲಗಿಸದೆ ಹಾಡಿನ ಜೊತೆ ಜೊತೆಗೇ ನಡೆಸಿದ್ದಾರೆ. ಅವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ಮೆಚ್ಚಿದವರು ಅರ್ಧ ಹಾಡು ಮಾತ್ರ ಕೇಳಿದ್ದಾರೆ.

ಪೆಂಡಾಲಿನ ಮೈಕಿನವರ ಸಲಹೆ ಬೇರೆ: ‘ಸರ, ಯಾಕ ಆಂಪು? ನಮ್ಮ ಮಿಕ್ಸರಿಗೆ ಹಚ್ರಿ.’ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಲ್ಲಿ ಪುರಾಣ ಪ್ರವಚನ ಮೂರು ಊರಿಗೆ ಕೇಳುತ್ತದೆ, ಒಪ್ಪಿಕೊಂಡೆ. ಅದು ಮಾಡಿರುವುದೇ ಮಾತಿಗೆ. ಬೇಸಿನ ತಗ್ಗಿನ ಸ್ವರ ಆ ಕಹಳೆಬಾಯಿಯಲ್ಲಿ ನಿಲ್ಲುವುದೇ ಇಲ್ಲ. ಕೇಳುವುದು ತಂತಿಗೆ ಉಗುರು ತಾಗಿದ ಟಿಕ್ ಟಿಕ್ ಅಷ್ಟೇ. ಡಿಜೆಯವರನ್ನು ಕೇಳಿದರೆ ಬರೀ ವಾಟಿನ ಮಾತು. ವಾಟಿನ ವಿಷಯದಲ್ಲಿ ನಮ್ಮ ಪೀಳಿಗೆಯನ್ನು ಯಾರೂ ಏಮಾರಿಸಲಾರರು, ಏಕೆಂದರೆ ನಾವು ಪಿಎಂಪಿಒ ಕಂಡವರು. ತೊಂಬತ್ತರ ದಶಕದ ಟೇಪ್ ರೆಕಾರ್ಡರುಗಳ ಎದೆಯ ಮೇಲೆ ಆ ನಾಲ್ಕಕ್ಷರ, ಪಕ್ಕದಲ್ಲಿ ಸಾವಿರಗಟ್ಟಲೆ ವಾಟು, ಒಳಗೆ ಅಂಗೈ ಅಗಲದ ಸ್ಪೀಕರು. ನಂಬಬೇಕಾದದ್ದು ಆರ್‌ಎಂಎಸ್ ಎಂದು ಬರೆದ ಅಂಕಿಯನ್ನು ಮಾತ್ರ. ಅದನ್ನೂ ಪೂರ್ತಿ ನಂಬಿ ಕೂಡಬಾರದು. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು. 50 ವಾಟಿನದು ಬಿಟ್ಟು 100 ವಾಟಿನದಕ್ಕೆ ಹೋದರೆ ಜೇಬು ಹಗುರಾದಷ್ಟು ಸದ್ದು ಹೆಚ್ಚುವುದಿಲ್ಲ.

ಗಿಟಾರಿನ ಹುಡುಗನ ಚಿಕ್ಕಪ್ಪನ ಮಗ ನ್ಯೂಯಾರ್ಕಿನಲ್ಲಿದ್ದಾನೆ. ಲೋಸಾರಿಗೆ ಬರುವಾಗ ಅಲ್ಲಿಂದಲೇ ತರುತ್ತಾನೆ ಎಂಬ ಮಾತೂ ಬಂತು. ಅಲ್ಲಿನ ಕರೆಂಟು 120 ವೋಲ್ಟು, ಇಲ್ಲಿನದು 230. ಹಿಂದಿನ ಚೀಟಿಯಲ್ಲಿ ಎರಡಕ್ಕೂ ಸೈ ಎಂದು ಬರೆದಿರದಿದ್ದರೆ ನ್ಯೂಯಾರ್ಕಿನ ಆಂಪು ಮುಂಡಗೋಡದಲ್ಲಿ ಒಮ್ಮೆ ಮಾತ್ರ ಹಾಡುತ್ತದೆ, ಅದೂ ಹೊಗೆಯ ಸಮೇತ. ಬೇಡ ಎಂದೆ.

ಮನೆಯವಳದು ಸಲಹೆಯಲ್ಲ, ಪ್ರಶ್ನೆ. ‘ಅಲ್ರೀ, ನೀವು ಬಾರಿಸೋದು ಯಾರಿಗೂ ಕೇಳಂಗಿಲ್ಲಂತ ನೀವs ಹೇಳ್ತೀರಿ. ಕೇಳದ್ದಕ್ಕ ಇಷ್ಟು ರೊಕ್ಕ ಯಾಕ?’ ಬೇಸ್ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ನಿಂತಾಗ ಏನೋ ಹೋಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ ಎಂದು ವಿವರಿಸಿದೆ. ‘ಹಂಗಾರ ಅಡಿಗಿ ಮನಿ ಕೆಲಸಾನೂ ಬೇಸ್ ಇದ್ದಂಗ’ ಎಂದಳು. ಇದಕ್ಕೆ ಯಾವ ಆಂಪ್ಲಿಫಯರಿನಲ್ಲೂ ಉತ್ತರವಿಲ್ಲ. ಆಂಪು ಕೊಳ್ಳಲು ನಾನು ಹುಬ್ಬಳ್ಳಿಗೆ ಹೊರಟಾಗ ಆಕೆಯೂ ಜೊತೆಗೆ ಹೊರಟಳು. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಪ್ರವಾಸದ ಗಣಿತ ಹೀಗೆ: ಆಕೆಗೆ ಪುಕ್ಕಟೆ, ನನಗೆ ಟಿಕೆಟ್ಟು, ಬೆನ್ನ ಮೇಲಿನ ಗಿಟಾರಿಗೆ ಕಂಡಕ್ಟರನ ಮನಸ್ಸು ಬಂದಷ್ಟು.

ಅಂಗಡಿಯಲ್ಲಿ ಆಂಪು ಆರಿಸುವುದಕ್ಕೊಂದು ವಿಧಾನವಿದೆ, ಅಲ್ಲಿ ಯಾರೂ ಪಾಲಿಸುವುದಿಲ್ಲ. ಬಂದ ಹುಡುಗರೆಲ್ಲ ತಂತಿಯನ್ನು ಹೆಬ್ಬೆರಳಿಂದ ಚಟಚಟ ಹೊಡೆದು, ಬೇಸ್ ಗುಬಟಿಯನ್ನೂ ಟ್ರೆಬಲ್ ಗುಬಟಿಯನ್ನೂ ಪೂರ್ತಿ ತಿರುಗಿಸಿ, ನಡುವಿನದನ್ನು ಸೊನ್ನೆಗೆ ಇಳಿಸುತ್ತಾರೆ. ಒಬ್ಬನೇ ಬಾರಿಸುವಾಗ ಅದು ಗಂಧರ್ವಲೋಕ. ಗಾಜಿನ ಬಾಗಿಲೂ ಸಹ ನಡುಗಿ ಹೌದೆನ್ನುತ್ತದೆ. ತಂಡದ ಜೊತೆ ನಿಂತ ಕ್ಷಣ ಆ ನಾದ ಇಲ್ಲವಾಗುತ್ತದೆ, ಏಕೆಂದರೆ ತಗ್ಗಿನದನ್ನು ಡ್ರಮ್ಮು ನುಂಗುತ್ತದೆ, ಮೇಲಿನದನ್ನು ಗಿಟಾರು ಮತ್ತು ತಾಳಗಳು ನುಂಗುತ್ತವೆ. ಬೇಸಿನವನು ಬದುಕುವುದು ನಡುಸ್ವರದಲ್ಲಿ, ಸುಮಾರು 250ರಿಂದ 800 ಹರ್ಟ್ಸಿನ ನಡುವೆ. ಅಂಗಡಿಯಲ್ಲಿ ಅದು ಮೂಗಿನಿಂದ ಮಾತಾಡಿದ ಹಾಗೆ ಕೇಳಿದರೂ ಪೆಂಡಾಲಿನಲ್ಲಿ ನಮ್ಮನ್ನು ಕಾಪಾಡುವುದು ಅದೇ. ನಾನು ಎಲ್ಲ ಗುಬಟಿ ನಡುವಿಗೆ ಇಟ್ಟು, ದಪ್ಪ ತಂತಿಯ ಒಂದೇ ಸ್ವರ ಬಾರಿಸಿ, ಅದು ಸಾಯುವ ತನಕ ಕೇಳಿ, ಮತ್ತೆ ಅದನ್ನೇ ಬಾರಿಸಿದೆ. ಅಂಗಡಿಯ ಹುಡುಗ ಮನೆಯವಳ ಕಡೆ ತಿರುಗಿ ಮೆಲ್ಲಗೆ, ‘ಅಕ್ಕಾರ, ಸರ ಈಗ ಕಲಿಯಾಕತ್ತಾರೇನ್ರಿ?’ ಎಂದು ಕೇಳಿದ. ‘ಇಪ್ಪತ್ತು ವರ್ಷ ಆತು’ ಎಂದಳಾಕೆ. ಆ ದನಿಯಲ್ಲಿ ಹೆಮ್ಮೆ ಇತ್ತೋ ಮತ್ತೇನೋ, ನಾನು ಸ್ವರದ ಕಡೆ ಲಕ್ಷ್ಯ ಕೊಟ್ಟಿದ್ದೆ.

ಭಾರದ ಮಟ್ಟಿಗೆ ಕಾಲ ಸುಧಾರಿಸಿದೆ. ಹಳೆಯ ಆಂಪುಗಳ ಅರ್ಧ ತೂಕ ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ತಾಮ್ರ, ಮತ್ತು ಬಿಸಿ ಆರಿಸುವ ಅಲ್ಯೂಮಿನಿಯಂ. ಕ್ಲಾಸ್ ಡಿ ಎಂಬ ಹೊಸ ಬಗೆಯ ಆಂಪಿನಲ್ಲಿ ಟ್ರಾನ್ಸಿಸ್ಟರುಗಳು ಅರೆಬರೆ ಕೆಲಸ ಮಾಡುವುದಿಲ್ಲ. ಪೂರ್ತಿ ತೆರೆ ಇಲ್ಲವೇ ಪೂರ್ತಿ ಮುಚ್ಚು, ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಹಾಗಾಗಿ ಬಿಸಿ ಕಡಿಮೆ, ಭಾರ ಕಡಿಮೆ. ಸ್ಪೀಕರಿನ ಆಯಸ್ಕಾಂತವೂ ನಿಯೋಡಿಮಿಯಮ್ಮಿನದಾದರೆ ಇನ್ನಷ್ಟು ಹಗುರ, ಆದರೆ ದರ ಮಾತ್ರ ಹಗುರಲ್ಲ. 500 ವಾಟಿನ ಆಂಪನ್ನು ಈಗ ಊಟದ ಡಬ್ಬಿಯ ಹಾಗೆ ಚೀಲದಲ್ಲಿ ಒಯ್ಯಬಹುದು. ಒಂದು ಮಾತು ನೆನಪಿರಲಿ, ಆ 500 ಎನ್ನುವುದು ಸಾಮಾನ್ಯವಾಗಿ 4 ಓಮಿನ ಲೆಕ್ಕ. 8 ಓಮಿನ ಒಂದೇ ಸ್ಪೀಕರ್ ಪೆಟ್ಟಿಗೆ ಹಚ್ಚಿದರೆ ಪೂರ್ತಿ ಪವರು ಹೊರಬೀಳುವುದಿಲ್ಲ. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿದರೆ ಹೇಳುತ್ತಾರೆ.

ಕಡೆಗೆ ಬಂದದ್ದು ಫೆಂಡರ್ ರಂಬಲ್ 100. ಸೆಕೆಂಡ್ ಹ್ಯಾಂಡು, 18 ಸಾವಿರ. ಹನ್ನೆರಡು ಇಂಚಿನ ಒಂದೇ ಸ್ಪೀಕರು, ಆಂಪೂ ಪೆಟ್ಟಿಗೆಯೂ ಒಂದೇ, ತೂಕ ಹತ್ತು ಕಿಲೋ. ಹಾಫ್‌ಮನ್ನರ ನಿಯಮಕ್ಕೆ ಇದೂ ಹೊರತಲ್ಲ. ದಪ್ಪ ತಂತಿಯ ತೀರಾ ತಳದ ಸ್ವರದಲ್ಲಿ ಅದು ಸಾಗವಾನಿ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಅಜ್ಜಿಯರ ಮೊಣಕಾಲಿಗೂ ಉಪಯೋಗವಿಲ್ಲ. ಆದರೆ ಹಿಂದುಗಡೆ ಮಿಕ್ಸರಿಗೆ ಹಚ್ಚುವ ಲೈನ್ ಔಟ್ ಇದೆ. ದೊಡ್ಡ ಪೆಂಡಾಲಿನಲ್ಲಿ ಮೈಕಿನವರ ಹತ್ತಿರ ಹಾರ್ನು ಬಿಟ್ಟು ದೊಡ್ಡ ಬೇಸ್ ಬಿನ್ನುಗಳಿದ್ದರೆ ಊರಿಗೆ ಕೇಳಿಸುವ ಹೊಣೆ ಅವಕ್ಕೆ, ನನಗೂ ಡ್ರಮ್ಮಿನ ಹುಡುಗನಿಗೂ ಕೇಳಿಸುವ ಹೊಣೆ ಇದಕ್ಕೆ. ಹೆಡ್‌ಫೋನಿನ ತೂತೂ ಇದೆ. ರಾತ್ರಿ ತಾಲೀಮಿಗೆ ಮನೆಯವಳ ಮಟ್ಟಿಗೆ ಈ ಆಂಪಿನ ಅತ್ಯುತ್ತಮ ನಾದ ಅದರಿಂದಲೇ ಬರುತ್ತದೆ.

ಹುಬ್ಬಳ್ಳಿಯಿಂದ ವಾಪಸು ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ. ‘ಒಳಗ ಏನೈತ್ರಿ ಸರ?’ ಎಂದ ಕಂಡಕ್ಟರ್. ಸ್ಪೀಕರ್ ಎಂದೆ. ‘ಹಾಡು ಹಚ್ಚಾಕ ಮೊಬೈಲ್ ಇಲ್ಲೇನ್ರಿ?’ ಎಂದವನಿಗೆ ಏನು ಹೇಳಬೇಕೆಂದು ತೋಚುವುದರೊಳಗೆ ಮನೆಯವಳು, ‘ಐತಿ. ಆದ್ರ ಅದರಾಗ ಅರ್ಧ ಹಾಡಷ್ಟ ಕೇಳತೈತಂತ’ ಎಂದಳು.

ಈ ಸೀಮೆಯಲ್ಲಿ ಬೇಸ್ ಹಿಡಿಯುವ ಹೊಸಬರಿಗೆ ನನ್ನ ತೀರ್ಪು ಇಷ್ಟು. ಅಂಗಡಿಗೆ ನಿಮ್ಮದೇ ಗಿಟಾರು ಒಯ್ಯಿರಿ, ಬೇರೆಯವರ ಗಿಟಾರಿನಲ್ಲಿ ಯಾವ ಆಂಪೂ ಛಲೋ ಕೇಳುತ್ತದೆ. ಗಿಟಾರಿನ ಆಂಪಿಗೆ ಬೇಸ್ ಹಚ್ಚಿ ಜೋರು ಮಾಡಬೇಡಿ, ಅದರ ಸ್ಪೀಕರು ಹರಿದೀತು. ಡ್ರಮ್ಸ್ ಇರುವ ತಂಡವಾದರೆ 100 ವಾಟಿಗಿಂತ ಕೆಳಗೆ ಇಳಿಯಬೇಡಿ. ಎಲ್ಲಕ್ಕೂ ಮೊದಲು, ಒಂದು ಸ್ವರವನ್ನೂ ಕೇಳುವ ಮುಂಚೆ, ಆಂಪನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಅಂಗಡಿಯ ಸುತ್ತ ಒಂದು ಸಲ ನಡೆದು ಬನ್ನಿ. ಮುಖದ ಮೇಲೆ ನಗು ಉಳಿದಿದ್ದರೆ ಆಮೇಲೆ ಪ್ಲಗ್ ಹಚ್ಚಿ.

ಇನ್ನು, ಸಾಗವಾನಿ ಪೆಟ್ಟಿಗೆ ಮಾರಾಟಕ್ಕಿದೆ. ಸ್ಪೀಕರು ಸುಸ್ಥಿತಿಯಲ್ಲಿದೆ, ಹಿತ್ತಾಳೆಯ ಪಟ್ಟಿ ಮೊನ್ನೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ದರದಲ್ಲಿ ಚೌಕಾಸಿ ನಡೆಯುತ್ತದೆ, ಹೊರುವ ವಿಷಯದಲ್ಲಿ ನಡೆಯುವುದಿಲ್ಲ. ಬರುವಾಗ ನಾಲ್ಕು ಜನ ಬನ್ನಿ.